ಪಡುಮಲೆಯಿಂದ ಎಣ್ಮೂರಿಗೆ: ಮಹಾಕಾವ್ಯದ ದನಿಯನ್ನು ಕಾಪಿಡುವ ಬಗೆ

(ಪುತ್ತೂರಿನಲ್ಲಿ ನೀಡಿದ ದತ್ತಿ ಉಪನ್ಯಾಸದ ಲಿಖಿತ ರೂಪ)



ಗ್ರೀಕರ ಇಲಿಯಡ್ ಕಾವ್ಯದಲ್ಲಿ 15,693 ಸಾಲುಗಳಿವೆ. ನಮ್ಮ ನೆರೆಯ ಬೆಳ್ತಂಗಡಿ ತಾಲೂಕಿನ ಮಾಚಾರಿನ ಗೋಪಾಲ ನಾಯ್ಕರು 1990ರ ಡಿಸೆಂಬರ್ ತಿಂಗಳಲ್ಲಿ ಹಾಡಿದ ಸಿರಿ ಸಂಧಿ ಎಂಬ ತುಳು ಮಹಾಕಾವ್ಯವನ್ನು ಬರಹಕ್ಕೆ ಇಳಿಸಿದಾಗ ಅದು 15,683 ಸಾಲುಗಳಾಯಿತು. ಹೋಮರನಿಗಿಂತ ಹತ್ತೇ ಸಾಲು ಕಡಿಮೆ. ಆ ಹತ್ತು ಸಾಲಿನ ಅಂತರ ಬರೀ ಆಕಸ್ಮಿಕ, ಅದರಿಂದ ಏನೂ ಸಿದ್ಧವಾಗುವುದಿಲ್ಲ. ಆದರೆ ಫಿನ್‌ಲ್ಯಾಂಡಿನಿಂದ ಬಂದ ಜಾನಪದ ವಿದ್ವಾಂಸ ಲೌರಿ ಹೋಂಕೊ ಅವರ ತಂಡದ ಮುಂದೆ ಒಬ್ಬ ತುಳು ಗಾಯಕ ಪುಸ್ತಕದ ಹಂಗಿಲ್ಲದೆ, ನೆನಪೊಂದನ್ನೇ ನೆಚ್ಚಿ, ದಿನಗಟ್ಟಲೆ ಒಂದೇ ಕಥೆಯನ್ನು ಹಾಡಿದರಲ್ಲ, ಅದು ಆಕಸ್ಮಿಕವಲ್ಲ. ಅದರ ಹಿಂದೆ ತಲೆಮಾರುಗಳ ಕಲಿಕೆ ಇದೆ. ಗ್ರೀಕ್ ಮಹಾಕಾವ್ಯಗಳ ಡಿಜಿಟಲ್ ಭಂಡಾರಗಳ ಬಗ್ಗೆ ಮಾತಾಡಬೇಕೆಂದು ಸಂಘಟಕರು ಕೇಳಿದಾಗ ನನಗೆ ಮೊದಲು ನೆನಪಾದವರು ಗೋಪಾಲ ನಾಯ್ಕರು. ಹಾಗಾಗಿ ಗ್ರೀಸಿಗೆ ಹೋಗಿ ಬೇಗನೆ ನಮ್ಮೂರಿಗೆ ಮರಳುತ್ತೇನೆ. ಈ ಹೊತ್ತು ಹೆಚ್ಚು ಕಾಲ ಕಳೆಯಬೇಕಾದದ್ದು ಇಲ್ಲಿಯೇ.

ಹೋಮರನ ಎರಡು ಕಾವ್ಯಗಳಲ್ಲಿ ಇಲಿಯಡ್ ಯುದ್ಧದ ಕಥೆ, ಒಡಿಸ್ಸಿ ಪಯಣದ ಕಥೆ. ಟ್ರಾಯ್ ಯುದ್ಧ ಮುಗಿಸಿ ಹೊರಟ ಒಡಿಸ್ಯೂಸ್ ಕಡಲಲ್ಲಿ ದಿಕ್ಕೆಟ್ಟು, ಹತ್ತು ವರ್ಷ ಅಲೆದು, ಜೊತೆಗಾರರನ್ನೆಲ್ಲ ಕಳೆದುಕೊಂಡು ಒಂಟಿಯಾಗಿ ಮನೆ ಸೇರುತ್ತಾನೆ. ಇವನ್ನು ಒಬ್ಬ ಕವಿ ಕುಳಿತು ಬರೆದನೇ, ಅಥವಾ ಗಾಯಕರ ಬಾಯಲ್ಲಿ ಬೆಳೆದು ಬಂದವೇ ಎಂಬ ಚರ್ಚೆ ಶತಮಾನಗಳ ಕಾಲ ನಡೆಯಿತು. ಅದಕ್ಕೆ ಹೊಸ ದಾರಿ ತೋರಿಸಿದವನು ಮಿಲ್ಮನ್ ಪ್ಯಾರಿ ಎಂಬ ಅಮೆರಿಕದ ತರುಣ ವಿದ್ವಾಂಸ. ಹೋಮರನ ಸಾಲುಗಳಲ್ಲಿ ಸಿದ್ಧ ಪದಗುಚ್ಛಗಳು ಮತ್ತೆ ಮತ್ತೆ ಬರುವುದನ್ನು ಅವನು ಲೆಕ್ಕ ಹಾಕಿ ತೋರಿಸಿದ. ಅಷ್ಟಕ್ಕೆ ಬಿಡದೆ, ಹಾಡುತ್ತಲೇ ಕಾವ್ಯ ಕಟ್ಟುವವರು ಇನ್ನೂ ಬದುಕಿದ್ದಾರೆಯೇ ಎಂದು ಹುಡುಕಿಕೊಂಡು 1933ರಿಂದ 1935ರವರೆಗೆ ಯುಗೊಸ್ಲಾವಿಯದ ಹಳ್ಳಿಗಳನ್ನು ಸುತ್ತಿದ. ಅಲ್ಲಿ ಅವ್ದೊ ಮೆಜೆದೊವಿಚ್ ಎಂಬ ರೈತ ಗಾಯಕ 12,311 ಸಾಲುಗಳ ಒಂದು ಕಾವ್ಯವನ್ನು ಒದಗಿಸಿದ. ಅದು ಒಡಿಸ್ಸಿಗಿಂತಲೂ ತುಸು ಉದ್ದ.

ಪ್ಯಾರಿ ಬಳಸಿದ ಯಂತ್ರದ ಬಗ್ಗೆ ಒಂದು ಮಾತು ಹೇಳಲೇಬೇಕು. ಅಂದಿನ ಅಲ್ಯೂಮಿನಿಯಂ ತಟ್ಟೆಯಲ್ಲಿ ಕೆಲವೇ ನಿಮಿಷಗಳ ಹಾಡು ಹಿಡಿಯುತ್ತಿತ್ತು. ತಟ್ಟೆ ಬದಲಿಸುವಷ್ಟರಲ್ಲಿ ಗಾಯಕ ಮುಂದೆ ಹೋಗಿರುತ್ತಾನೆ, ಇಲ್ಲವೇ ನಿಲ್ಲಿಸಿದರೆ ಅವನ ಓಘ ಮುರಿಯುತ್ತದೆ. ಅದಕ್ಕಾಗಿ ಪ್ಯಾರಿ ಎರಡು ತಿರುಗುಮಣೆಗಳಿರುವ ಯಂತ್ರವನ್ನೇ ಮಾಡಿಸಿದ. ಒಂದು ತಟ್ಟೆ ತುಂಬುತ್ತಿದ್ದಂತೆ ಇನ್ನೊಂದು ಶುರುವಾಗುತ್ತಿತ್ತು. ಗಾಯಕನಿಗೆ ಯಂತ್ರ ಹೊಂದಿಕೊಳ್ಳಬೇಕೇ ಹೊರತು ಯಂತ್ರಕ್ಕೆ ಗಾಯಕ ಹೊಂದಿಕೊಳ್ಳಬಾರದು ಎಂಬ ತಿಳಿವಳಿಕೆ ಅದು. ಸಂಗ್ರಹಕಾರನಿಗೆ ಬೇಕಾದ ಮೊದಲ ಗುಣ ಅದೇ ಎಂದು ನಾನು ನಂಬಿದ್ದೇನೆ. 1935ರ ಕೊನೆಗೆ ಪ್ಯಾರಿ ತೀರಿಕೊಂಡ. ಆಗ ಅವನಿಗೆ 33 ವರ್ಷ. ಅವನು ತಂದ 3,500ಕ್ಕೂ ಮಿಕ್ಕಿದ ತಟ್ಟೆಗಳು ಹಾರ್ವರ್ಡ್ ವಿಶ್ವವಿದ್ಯಾಲಯದಲ್ಲಿವೆ.

ಇನ್ನು ಗ್ರೀಕ್ ಪಠ್ಯಗಳ ಭಂಡಾರಗಳು. ಕ್ಯಾಲಿಫೋರ್ನಿಯದ ಅರ್ವೈನ್‌ನಲ್ಲಿ 1972ರಲ್ಲಿ ಗ್ರೀಕ್ ಸಾಹಿತ್ಯವನ್ನೆಲ್ಲ ಕಂಪ್ಯೂಟರಿಗೆ ತುಂಬುವ ಕೆಲಸ ಶುರುವಾಯಿತು. 1980ರ ದಶಕದಲ್ಲಿ ಆರಂಭವಾಗಿ ಟಫ್ಟ್ಸ್ ವಿಶ್ವವಿದ್ಯಾಲಯದಲ್ಲಿ ಬೆಳೆದ ಪರ್ಸಿಯಸ್ ಭಂಡಾರದಲ್ಲಿ ಹೋಮರನ ಯಾವ ಪದವನ್ನು ಒತ್ತಿದರೂ ಅದರ ವ್ಯಾಕರಣ, ನಿಘಂಟಿನ ಅರ್ಥ, ಅನುವಾದ ಎದುರಿಗೆ ಬರುತ್ತದೆ. ಇವೆರಡಕ್ಕಿಂತ ನನಗೆ ಮುಖ್ಯವಾಗಿ ಕಾಣುವುದು ಹೋಮರ್ ಮಲ್ಟಿಟೆಕ್ಸ್ಟ್ ಎಂಬ ಯೋಜನೆ. ವೆನಿಸ್ ನಗರದ ಮಾರ್ಚಿಯಾನ ಗ್ರಂಥಾಲಯದಲ್ಲಿ ಹತ್ತನೆಯ ಶತಮಾನದ ಇಲಿಯಡ್ ಹಸ್ತಪ್ರತಿ ಇದೆ. ಪುಟದ ನಡುವೆ ಕಾವ್ಯ, ಸುತ್ತ ಅಂಚುಗಳಲ್ಲಿ ಸಣ್ಣಕ್ಷರದ ಟಿಪ್ಪಣಿಗಳು. ಅಲೆಕ್ಸಾಂಡ್ರಿಯದ ಪಂಡಿತರು ಯಾವ ಸಾಲನ್ನು ಹೇಗೆ ಓದುತ್ತಿದ್ದರು, ಯಾವ ಸಾಲನ್ನು ಶಂಕಿಸಿದರು ಎಂಬುದು ಆ ಟಿಪ್ಪಣಿಗಳಿಂದಲೇ ತಿಳಿಯುತ್ತದೆ. 2007ರಲ್ಲಿ ಆ ಪ್ರತಿಯ ಪುಟಗಳ ಛಾಯಾಚಿತ್ರ ತೆಗೆದು ಲೋಕಕ್ಕೆಲ್ಲ ತೆರೆದಿಟ್ಟರು. ಮೂಲ ಪಾಠ ಇದೊಂದೇ ಎಂದು ತೀರ್ಪು ಕೊಡುವುದು ಅವರ ಉದ್ದೇಶವಲ್ಲ. ಒಂದೊಂದು ಪ್ರತಿಯನ್ನೂ ಅದರ ಕಾಲದ ಸಾಕ್ಷಿಯೆಂದು ಹಾಗೆಯೇ ಉಳಿಸುತ್ತಾರೆ. ಬಾಯಿಂದ ಬಾಯಿಗೆ ಹರಿದ ಕಾವ್ಯಕ್ಕೆ ಒಂದೇ ಮೂಲ ಇರಲಾರದು ಎಂಬುದನ್ನು ಗ್ರೀಕ್ ವಿದ್ವಾಂಸರು ಕೊನೆಗೂ ಒಪ್ಪಿಕೊಂಡರು. ನನ್ನ ಇಂದಿನ ಮಾತೆಲ್ಲ ಈ ಒಂದು ನೆಲೆಯಲ್ಲಿ ನಿಂತಿದೆ.

ಗ್ರೀಕರ ಕಡಲಕಥೆಗೂ ನಮ್ಮ ಕರಾವಳಿಗೂ ಒಂದು ನಂಟಿನ ಮಾತು ಇದೆ, ಅದನ್ನು ಹೇಳಿ ಮುಂದೆ ಹೋಗುತ್ತೇನೆ. ಈಜಿಪ್ಟಿನ ಆಕ್ಸಿರಿಂಕಸ್‌ನಲ್ಲಿ ಸಿಕ್ಕಿ 1903ರಲ್ಲಿ ಅಚ್ಚಾದ ಒಂದು ಪಪೈರಸ್‌ನಲ್ಲಿರುವ ಗ್ರೀಕ್ ಪ್ರಹಸನದಲ್ಲಿ ಚಾರಿಷನ್ ಎಂಬ ಗ್ರೀಕ್ ಹೆಣ್ಣು ಭಾರತದ ಕಡಲ ತೀರದ ಅರಸನ ಸೆರೆಯಲ್ಲಿರುತ್ತಾಳೆ. ಅವಳ ಸಹೋದರ ಹಡಗಿನಲ್ಲಿ ಬಂದು, ಅರಸನಿಗೆ ಮದ್ಯ ಕುಡಿಸಿ ಮೈಮರೆಸಿ ಬಿಡಿಸಿಕೊಂಡು ಹೋಗುತ್ತಾನೆ. ಒಂಟಿಕಣ್ಣಿನ ದೈತ್ಯನಿಗೆ ಒಡಿಸ್ಯೂಸ್ ಮಾಡಿದ ಉಪಾಯವೇ ಅದು. ಆ ಪ್ರಹಸನದಲ್ಲಿ ಬರುವ ಅರ್ಥವಾಗದ ಮಾತುಗಳು ಕನ್ನಡ ಇರಬಹುದೆಂದು ಜರ್ಮನ್ ವಿದ್ವಾಂಸ ಹುಲ್ಚ್ 1904ರಲ್ಲಿ ಸೂಚಿಸಿದರು. ಶಾಮಶಾಸ್ತ್ರಿಗಳು, ಗೋವಿಂದ ಪೈಗಳು ಅದರ ಹಿಂದೆ ಹೋದರು. ತುಳು ಎಂದವರೂ ಇದ್ದಾರೆ, ಏನೂ ಅಲ್ಲ ಎಂದವರೂ ಇದ್ದಾರೆ. ನನ್ನ ಮಟ್ಟಿಗೆ ಅದು ಇನ್ನೂ ತೀರ್ಮಾನವಾಗದ ವಾದ. ನಮ್ಮದೇ ಆದ ಕಡಲ ಪಯಣದ ಕಥೆಗೆ ಅಷ್ಟು ದೂರ ಹೋಗಬೇಕಾಗಿಯೂ ಇಲ್ಲ. ಮುಸ್ಲಿಂ ವ್ಯಾಪಾರಿ ತಂದೆಗೂ ಜೈನ ತಾಯಿಗೂ ಹುಟ್ಟಿ, ಹಡಗು ಕಟ್ಟಿ ವ್ಯಾಪಾರಕ್ಕೆ ಹೋಗಿ, ಕಡಲಿನಲ್ಲಿ ಮಡಿದು ದೈವವಾದ ಬೊಬ್ಬರ್ಯನ ಪಾಡ್ದನ, ಅಂದರೆ ತುಳು ಕಥನಗೀತೆ, ಮೊಗವೀರರ ಊರುಗಳಲ್ಲಿ ಇವತ್ತಿಗೂ ಕೇಳುತ್ತದೆ.

ಘಟ್ಟದ ಬುಡದಲ್ಲಿರುವ ಪುತ್ತೂರು, ಸುಳ್ಯ, ಕಡಬ ಎಂಬ ನಮ್ಮ ಮೂರು ತಾಲೂಕುಗಳಿಗೆ ಕಡಲು ದೂರ. ಇಲ್ಲಿಯ ಪಯಣ ಕಾಲ್ನಡಿಗೆಯದು. ಕೋಟಿ ಚೆನ್ನಯರ ಪಾಡ್ದನದ ನಕ್ಷೆಯನ್ನು ಕಣ್ಣೆದುರಿಗೆ ತಂದುಕೊಳ್ಳಿ. ಮದುವೆಗೆ ಮೊದಲೇ ಮೈನೆರೆದಳೆಂದು ಕಣ್ಣಿಗೆ ಬಟ್ಟೆ ಕಟ್ಟಿ ಕಾಡಿಗೆ ಬಿಟ್ಟ ಹುಡುಗಿಯನ್ನು ಸಾಯನ ಬೈದ್ಯ ಕರೆತಂದು ಗೆಜ್ಜೆಗಿರಿಯಲ್ಲಿ ಸಾಕುತ್ತಾನೆ. ಅವಳೇ ದೇಯಿ ಬೈದೆತಿ. ಪಡುಮಲೆಯ ಅರಸ ಪೆರುಮಾಳ ಬಲ್ಲಾಳನ ಕಾಲಿನ ಗಾಯ ಯಾರಿಗೂ ಮಾಗಿಸಲಾಗದಿದ್ದಾಗ ತುಂಬು ಗರ್ಭಿಣಿಯಾಗಿದ್ದ ಅವಳು ಮದ್ದು ಕೊಟ್ಟು ಮಾಗಿಸುತ್ತಾಳೆ. ಅವಳಿಗೆ ಹುಟ್ಟಿದ ಅವಳಿ ಮಕ್ಕಳಾದ ಕೋಟಿ, ಚೆನ್ನಯರು ಬೆಳೆದು, ಗದ್ದೆಯ ವಿಷಯದಲ್ಲಿ ಮಲ್ಲಯ ಬುದ್ಯಂತನೊಡನೆ ಜಗಳವಾಗಿ, ಅವನನ್ನು ಕೊಂದು ಪಡುಮಲೆ ಬಿಡುತ್ತಾರೆ. ಅಕ್ಕ ಕಿನ್ನಿದಾರುವಿನ ಮನೆ ಇರುವ ಪಂಜಕ್ಕೆ ಬರುತ್ತಾರೆ. ಅಲ್ಲಿಯ ಮಂತ್ರಿ ಚಂದುಗಿಡಿಯ ಒಳಸಂಚಿನಿಂದ ಸೆರೆಯಾಗಿ, ಸೆರೆ ಮುರಿದು ಎಣ್ಮೂರು ಸೇರುತ್ತಾರೆ. ಎಣ್ಮೂರಿನ ದೇವ ಬಲ್ಲಾಳ ಆಸರೆ ಕೊಡುತ್ತಾನೆ. ಮುಂದೆ ಒಂದು ಹಂದಿಯ ಬೇಟೆಯ ನೆಪದಲ್ಲಿ ಪಂಜಕ್ಕೂ ಎಣ್ಮೂರಿಗೂ ಯುದ್ಧ. ಕೋಟಿ ಬಾಣಕ್ಕೆ ಬೀಳುತ್ತಾನೆ, ಅಣ್ಣನಿಲ್ಲದ ಲೋಕದಲ್ಲಿ ಚೆನ್ನಯ ಉಳಿಯುವುದಿಲ್ಲ.

ಪುತ್ತೂರು ತಾಲೂಕಿನ ಪಡುಮಲೆ, ಸುಳ್ಯದ ಪಂಜ, ಸುಳ್ಯ–ಕಡಬಗಳ ಗಡಿಯಲ್ಲಿರುವ ಎಣ್ಮೂರು. ಇಡೀ ಮಹಾಕಾವ್ಯದ ಮುಖ್ಯ ನೆಲೆಗಳು ನಮ್ಮ ಮೂರು ತಾಲೂಕುಗಳ ಒಳಗೇ ಇವೆ. ಟ್ರಾಯ್ ಎಲ್ಲಿತ್ತು ಎಂದು ಹುಡುಕುತ್ತ, ಹೋಮರನನ್ನು ಕೈಯಲ್ಲಿ ಹಿಡಿದು ಪುರಾತತ್ತ್ವ ಶೋಧಕ ಶ್ಲೀಮನ್ 1870ರ ದಶಕದಲ್ಲಿ ಟರ್ಕಿಯ ನೆಲವನ್ನು ಅಗೆದ. ಇಲ್ಲಿ ಯಾರೂ ಅಗೆಯಬೇಕಾಗಿಲ್ಲ. ನಿಂತಿಕಲ್ಲಿನಲ್ಲಿ ಬಸ್ಸಿಳಿದು ಯಾರನ್ನು ಕೇಳಿದರೂ ಆ ಅವಳಿ ವೀರರ ಗುಡಿಯಾದ ಎಣ್ಮೂರಿನ ಗರೋಡಿಗೆ ದಾರಿ ತೋರಿಸುತ್ತಾರೆ. ಗೆಜ್ಜೆಗಿರಿಯ ನಂದನಬಿತ್ತಿಲ್ ಕ್ಷೇತ್ರಕ್ಕೆ 2020ರಲ್ಲಿ ಬ್ರಹ್ಮಕಲಶವಾದ ಮೇಲೆ ಜನ ಬರುವುದು ಇನ್ನೂ ಹೆಚ್ಚಿದೆ. ಬೈದರ್ಕಳೆಂದು ಪೂಜೆಗೊಳ್ಳುವ ಈ ಅವಳಿಗಳ ನೇಮದ ರಾತ್ರಿ ಇದೇ ಕಥೆ ಬಣ್ಣ, ಕುಣಿತ, ನುಡಿಗಳಲ್ಲಿ ಮತ್ತೆ ನಡೆಯುತ್ತದೆ. ಗ್ರೀಕರ ವೀರರಿಗೆ ಇಂದು ಇಂಥ ನೇಮ ನಡೆಸುವವರು ಯಾರೂ ಇಲ್ಲ. ನಮ್ಮ ಬೈದರ್ಕಳು ಈ ಜನರ ಪಾಲಿಗೆ ಇವತ್ತೂ ಇದ್ದಾರೆ, ಆದ್ದರಿಂದ ನಮ್ಮ ಸಂಗ್ರಹದ ರೀತಿನೀತಿಗಳೂ ಬೇರೆಯಾಗಲೇಬೇಕು.

ಈ ಕಥೆಯನ್ನು ಬರೆದಿಡುವ ಕೆಲಸ ಹೊಸತಲ್ಲ. ಬಾಸೆಲ್ ಮಿಷನ್ನಿನ ಮ್ಯಾನರ್ 1886ರಲ್ಲಿ ಮಂಗಳೂರಿನಲ್ಲಿ ಪಾಡ್ದನೊಳು ಎಂಬ ಸಂಕಲನ ಅಚ್ಚು ಹಾಕಿಸಿದ. ಬ್ರಿಟಿಷ್ ಅಧಿಕಾರಿ ಬರ್ನೆಲ್ ಸಂಗ್ರಹಿಸಿದ ಪಾಡ್ದನಗಳು ಅವನು ತೀರಿಹೋದ ಎಷ್ಟೋ ವರ್ಷಗಳ ಮೇಲೆ, 1894ರಿಂದ, ಇಂಡಿಯನ್ ಆಂಟಿಕ್ವೆರಿ ಪತ್ರಿಕೆಯಲ್ಲಿ ಬಂದವು. ಪಂಜೆ ಮಂಗೇಶರಾಯರು ಕೋಟಿ ಚೆನ್ನಯರನ್ನು ಕನ್ನಡದ ಮಕ್ಕಳಿಗೂ ಹಿರಿಯರಿಗೂ ತಲುಪಿಸಿದರು. 1973ರಲ್ಲಿ ಅದು ತುಳು ಚಲನಚಿತ್ರವಾಯಿತು. ಅಮೃತ ಸೋಮೇಶ್ವರ, ವಿವೇಕ ರೈ, ಚಿನ್ನಪ್ಪ ಗೌಡ, ಪೀಟರ್ ಕ್ಲಾಸ್, ದಾಮೋದರ ಕಲ್ಮಾಡಿ ಮೊದಲಾದ ವಿದ್ವಾಂಸರ ದುಡಿಮೆ ನಿಮಗೆ ಗೊತ್ತಿದೆ. ಉಡುಪಿಯ ಎಂಜಿಎಂ ಕಾಲೇಜಿನಲ್ಲಿ ಕು.ಶಿ. ಹರಿದಾಸ ಭಟ್ಟರು ಕಟ್ಟಿದ ಪ್ರಾದೇಶಿಕ ಜಾನಪದ ರಂಗಕಲೆಗಳ ಅಧ್ಯಯನ ಕೇಂದ್ರ ನೂರಾರು ಗಂಟೆಗಳ ಧ್ವನಿಯನ್ನೂ ದೃಶ್ಯವನ್ನೂ ಕೂಡಿಹಾಕಿತು.

ಇಷ್ಟು ಕೆಲಸವಾದ ಮೇಲೂ ಒಂದು ಮಾತು ನನ್ನನ್ನು ಕಾಡುತ್ತದೆ. ಸಂಗ್ರಹದ ಪ್ರಸ್ತಾಪ ಬಂದಾಗಲೆಲ್ಲ ನಮ್ಮಲ್ಲಿ ಯಾರಾದರೊಬ್ಬರು ಶುದ್ಧ ಪಾಠ ಯಾವುದು ಎಂದು ಕೇಳುತ್ತಾರೆ. ದೇಯಿ ಹುಟ್ಟಿದ್ದು ಮನುಷ್ಯರಿಗೆ ಎಂದು ಹಾಡುವವರಿದ್ದಾರೆ, ಹಕ್ಕಿಯ ಮೊಟ್ಟೆಯ ವೃತ್ತಾಂತದಿಂದ ಆರಂಭಿಸುವವರೂ ಇದ್ದಾರೆ. ಗದ್ದೆಯಲ್ಲಿ ಹಾಡುವ ಹೆಂಗಸರು ದೇಯಿಯ ಹೆರಿಗೆಯ ಬಳಿ, ಕಿನ್ನಿದಾರು ತಮ್ಮಂದಿರ ಗುರುತು ಹಿಡಿಯುವ ಬಳಿ ನಿಂತು ನಿಂತು ಹಾಡುವುದನ್ನು ಕೇಳಿದ್ದೇನೆ. ನೇಮದಲ್ಲಿ ಹೇಳುವ ಗಂಡಸರು ಆ ಭಾಗವನ್ನು ಬೇಗ ದಾಟಿ ಪಂಜದ ಸೆರೆಗೆ, ಎಣ್ಮೂರಿನ ಕಾಳಗಕ್ಕೆ ಬರುತ್ತಾರೆ. ಇದರಲ್ಲಿ ಯಾವುದು ಸರಿ? ಎರಡೂ ಸರಿ. ಒಂದರ ಜೊತೆ ಇನ್ನೊಂದನ್ನು ಹೊಲಿದು ಮೂರನೆಯ ಪಾಠ ಮಾಡಿದರೆ ಅದನ್ನು ಈ ನೆಲದ ಮೇಲೆ ಯಾರೂ ಯಾವತ್ತೂ ಹಾಡಿರಲಿಲ್ಲ ಎಂದಾಗುತ್ತದೆ.

ಒಬ್ಬರೇ ಹಾಡಿದರೂ ಪಾಠ ಬದಲಾಗುತ್ತದೆ. ಗೋಪಾಲ ನಾಯ್ಕರು ಸಿರಿ ಸಂಧಿಯನ್ನು ಮೊದಲು ಚಿನ್ನಪ್ಪ ಗೌಡರಿಗೆ ಹೇಳಿ ಬರೆಸಿದಾಗ ಅದು ಸುಮಾರು ಎಂಟೂವರೆ ಸಾವಿರ ಸಾಲು. ಅದೇ ಗಾಯಕ, ಅದೇ ಕಥೆ; ತಡೆಯಿಲ್ಲದೆ ಹಾಡಲು ಬಿಟ್ಟಾಗ ಹೆಚ್ಚುಕಡಿಮೆ ಇಮ್ಮಡಿಯಾಯಿತು. ಬರೆಯುವವರ ಕೈಯ ವೇಗಕ್ಕೆ ತಕ್ಕಂತೆ ಕಾವ್ಯ ಕುಗ್ಗುತ್ತದೆ, ಕೇಳುವವರ ತಾಳ್ಮೆಗೆ ತಕ್ಕಂತೆ ಹಿಗ್ಗುತ್ತದೆ. ಹಾಗಾದರೆ ಮ್ಯಾನರ್ ಅಚ್ಚು ಹಾಕಿಸಿದ ಪಾಡ್ದನಗಳು ಗದ್ದೆಯಲ್ಲಿ ಎಷ್ಟು ಉದ್ದವಾಗಿದ್ದಿರಬಹುದು ಎಂದು ಯೋಚಿಸಿ.

ಆ ಗದ್ದೆ ಈಗ ಎಲ್ಲಿದೆ? ಪುತ್ತೂರಿನಲ್ಲಿ ಗದ್ದೆಗಳೆಲ್ಲ ಅಡಕೆ ತೋಟಗಳಾದವು. ಸುಳ್ಯ, ಕಡಬದ ಗುಡ್ಡಗಳಿಗೆ ರಬ್ಬರ್ ಬಂತು. ರೈತನನ್ನು ನಾನು ದೂರುವುದಿಲ್ಲ. ಭತ್ತದಲ್ಲಿ ಮನೆ ನಡೆಯದಿದ್ದಾಗ ಅವನು ಇನ್ನೇನು ಮಾಡಬೇಕಿತ್ತು? ಆದರೆ ಕಾವ್ಯಕ್ಕೆ ಏನಾಯಿತೆಂಬುದನ್ನು ನೋಡಬೇಕು. ಭತ್ತದ ನೇಜಿ ನೆಡುವುದು ಸಾಲಾಗಿ ನಿಂತು, ಬಾಗಿ, ಒಂದೇ ಲಯದಲ್ಲಿ ಹಿಂದೆ ಹಿಂದೆ ಸರಿಯುವ ಕೆಲಸ. ಒಬ್ಬಳು ಸಾಲು ಎತ್ತಿಕೊಡುತ್ತಾಳೆ, ಉಳಿದವರು ಹಿಡಿದುಕೊಳ್ಳುತ್ತಾರೆ. ಬೆಳಿಗ್ಗೆಯಿಂದ ಸಂಜೆಯವರೆಗೆ ಹೊತ್ತು ಇರುತ್ತದೆ. ಉದ್ದನೆಯ ಕಥೆಗೆ ಬೇಕಾದ ಮೂರೂ ಅಲ್ಲಿದ್ದವು: ಲಯ, ಜೊತೆ, ಸಮಯ. ರಬ್ಬರ್ ಹಾಲು ತೆಗೆಯುವವನು ನಸುಕಿನಲ್ಲಿ ತಲೆಗೆ ದೀಪ ಕಟ್ಟಿಕೊಂಡು ಮರದಿಂದ ಮರಕ್ಕೆ ಒಬ್ಬನೇ ಓಡುತ್ತಾನೆ. ಅಡಕೆ ಕೊಯ್ಯುವವನು ಮರದ ತುದಿಯಲ್ಲಿರುತ್ತಾನೆ. ಹಾಡನ್ನು ಹಿಡಿದುಕೊಳ್ಳಲು ಹತ್ತಿರದಲ್ಲಿ ಯಾರಿದ್ದಾರೆ? ಹೊಸ ತಲೆಮಾರಿಗೆ ಆಸಕ್ತಿಯಿಲ್ಲ ಎಂದು ನಾವು ಸುಲಭವಾಗಿ ಹೇಳಿಬಿಡುತ್ತೇವೆ. ಆಸಕ್ತಿ ಇದ್ದರೂ ಹಾಡು ಕಲಿಯುವ ಜಾಗವೇ ಇಲ್ಲವಾಗಿದೆ ಎಂಬುದು ಹೆಚ್ಚು ನಿಜ.

ಕೆಲವು ವರ್ಷಗಳ ಹಿಂದೆ ಒಬ್ಬ ಹುಡುಗಿ ತನ್ನ ಅಜ್ಜಿ ಹಾಡಿದ ಒಂದು ಕ್ಯಾಸೆಟ್ ತಂದುಕೊಟ್ಟಳು. ಮೇಲೆ ಬಾಲ್‌ಪೆನ್ನಿನಲ್ಲಿ ಪಾಡ್ದನ ಎಂದಷ್ಟೇ ಬರೆದಿತ್ತು. ಟೇಪಿನ ಅಂಚಿನಲ್ಲಿ ಬಿಳಿ ಬೂಷ್ಟು ಹಿಡಿದಿತ್ತು. ನಮ್ಮ ಮಳೆಗಾಲ ಯಾವ ಟೇಪನ್ನೂ ಬಿಡುವುದಿಲ್ಲ. ಒಣ ಬಟ್ಟೆಯಲ್ಲಿ ಮೆಲ್ಲನೆ ಒರೆಸಿ, ಹಳೆಯ ಪ್ಲೇಯರಿನಲ್ಲಿ ಹಾಕಿ ಕಂಪ್ಯೂಟರಿಗೆ ಇಳಿಸಿದೆವು. ಹಂಚಿನ ಮೇಲೆ ಮಳೆ ಸುರಿಯುವ ಸದ್ದು, ನಡುವೆ ಒಂದು ಮಗುವಿನ ಅಳು, ಅದನ್ನು ಸಮಾಧಾನ ಮಾಡಲು ಅಜ್ಜಿ ಹಾಡಿನ ಓಟದಲ್ಲೇ ಆಡಿದ ಎರಡು ಮಾತು, ಮತ್ತೆ ಕಥೆ. ಕಿನ್ನಿದಾರು ಬಾಗಿಲಿಗೆ ಬಂದು ನಿಂತ ಇಬ್ಬರು ಅಪರಿಚಿತರಿಗೆ ನೀರು ಕೊಡುವ ಭಾಗ ಅದು. ಅವಳು ಅವರ ಮುಖ ನೋಡುವಷ್ಟರಲ್ಲಿ ಟೇಪು ಕಟಕ್ಕೆಂದು ನಿಂತಿತು. ಮಗ್ಗುಲು ಬದಲಿಸಿ ಹಾಕಿದರೆ ಅಜ್ಜಿ ಮುಂದೆ ಹೋಗಿದ್ದರು. ಅಕ್ಕ ತಮ್ಮಂದಿರ ಗುರುತು ಸಿಕ್ಕಿ ಆಗಿತ್ತು. ಆ ಗುರುತು ಹಿಡಿಯುವ ಸಾಲುಗಳು ಅವರ ಬಾಯಲ್ಲಿ ಹೇಗಿದ್ದವೆಂದು ಇನ್ನು ಯಾರಿಗೂ ತಿಳಿಯುವುದಿಲ್ಲ. ಎರಡು ತಿರುಗುಮಣೆಗಳ ಯಂತ್ರದ ಬೆಲೆ ನನಗೆ ಅಂದು ಸರಿಯಾಗಿ ಅರ್ಥವಾಯಿತು.

ಈಗ ಕೈಯಲ್ಲಿರುವ ಮೊಬೈಲು ಗಂಟೆಗಟ್ಟಲೆ ನಿಲ್ಲದೆ ಹಿಡಿಯುತ್ತದೆ. ತಂತ್ರಜ್ಞಾನದ ಕೊರತೆ ಇಲ್ಲ. ಒಂದೇ ರಾತ್ರಿಯ ನೇಮದ ಹತ್ತಾರು ವಿಡಿಯೋಗಳು ಮರುದಿನ ಯೂಟ್ಯೂಬಿನಲ್ಲಿರುತ್ತವೆ. ಯಾವ ಊರು, ಯಾವ ಗರೋಡಿ, ಹೇಳಿದವರು ಯಾರು, ಯಾರಿಂದ ಕಲಿತವರು ಎಂಬುದು ಮಾತ್ರ ಇರುವುದಿಲ್ಲ. ಹಿನ್ನೆಲೆಗೆ ಸಿನಿಮಾ ಸಂಗೀತ ಸೇರಿಸಿರುತ್ತಾರೆ. ಭಂಡಾರ ಎಂದರೆ ಕಡತಗಳ ರಾಶಿಯಲ್ಲ. ಹಾಡಿದವರ ಹೆಸರು, ವಯಸ್ಸು, ಊರು, ಗುರು, ಸಂದರ್ಭ, ದಿನಾಂಕ, ಹಂಚಲು ಒಪ್ಪಿದರೇ ಇಲ್ಲವೇ, ಒಪ್ಪಿದ್ದರೆ ಎಷ್ಟು: ಇಷ್ಟನ್ನು ಧ್ವನಿಯ ಜೊತೆಗೇ ಬರೆದಿಡಬೇಕು. ಧ್ವನಿಯನ್ನು ಕುಗ್ಗಿಸದ ಕಡತವಾಗಿ, ಸಾಧ್ಯವಾದರೆ 96 ಕಿಲೋಹರ್ಟ್ಸ್, 24 ಬಿಟ್‌ನಲ್ಲಿ, ಕನಿಷ್ಠ ಮೂರು ಪ್ರತಿ ಮಾಡಿ ಎರಡು ಬೇರೆ ಊರುಗಳಲ್ಲಿ ಇಡಬೇಕು. ಗುಂಪು ಹಾಡುವಾಗ ಎತ್ತಿಕೊಡುವವಳ ಮುಂದೆ ಮಾತ್ರ ಮೈಕು ಇಟ್ಟರೆ ಹಿಡಿದುಕೊಳ್ಳುವವರ ದನಿ ಮಸುಕಾಗುತ್ತದೆ. ಎರಡನೆಯ ಮೈಕು ಬೇಕೇ ಬೇಕು. ಬರಹವನ್ನಷ್ಟೇ ಉಳಿಸಿದರೂ ಸಾಲದು. ತುಳುವಿನ ಕೆಲವು ಸ್ವರಗಳನ್ನು ಕನ್ನಡ ಲಿಪಿ ಬೇರ್ಪಡಿಸಿ ತೋರಿಸುವುದಿಲ್ಲ, ಆದ್ದರಿಂದ ಸಾಲಿನ ಪಕ್ಕದಲ್ಲಿ ದನಿ ಇರಬೇಕು. 2024ರ ಸೆಪ್ಟೆಂಬರಿನಲ್ಲಿ ತುಳು-ತಿಗಳಾರಿ ಲಿಪಿ ಯೂನಿಕೋಡಿಗೆ ಸೇರಿತು, ಅದೇ ವರ್ಷ ಗೂಗಲ್ ಅನುವಾದಕ್ಕೂ ತುಳು ಬಂತು. ಸಂತೋಷವೇ. ಆದರೆ ಯಂತ್ರಕ್ಕೆ ಕಲಿಸುವಷ್ಟು ಒಳ್ಳೆಯ ತುಳುವನ್ನು ನಾವು ಎಲ್ಲಿಂದ ಕೊಡುತ್ತೇವೆ? ಅದು ಈ ಹಾಡುವವರ ಬಾಯಲ್ಲಿದೆ.

ಇನ್ನೊಂದು ವಿಷಯವನ್ನು ಸ್ವಲ್ಪ ಗಟ್ಟಿಯಾಗಿಯೇ ಹೇಳಬೇಕು. ಪಾಡ್ದನಗಳನ್ನು ಕಾಪಾಡಿದವರು ನಲಿಕೆ, ಪರವ, ಪಂಬದ, ಮೇರ, ಮುಗೇರ ಸಮುದಾಯಗಳವರು, ಗದ್ದೆಯ ಕೂಲಿ ಹೆಂಗಸರು. ಪುಸ್ತಕಗಳ ಮುಖಪುಟದಲ್ಲಿ ಬಂದದ್ದು ಸಂಪಾದಕರ ಹೆಸರು. 1998ರಲ್ಲಿ ಹೆಲ್ಸಿಂಕಿಯಿಂದ ಬಂದ ಸಿರಿ ಸಂಪುಟಗಳ ಹೆಸರಿನಲ್ಲೇ ಗೋಪಾಲ ನಾಯ್ಕರು ಹಾಡಿದ್ದು ಎಂದಿದೆ. ನಾವು ಕಟ್ಟುವ ಭಂಡಾರದಲ್ಲಿ ಅದು ನಿಯಮವಾಗಬೇಕು: ಮೊದಲು ಗಾಯಕಿಯ ಹೆಸರು, ಆಮೇಲೆ ಉಳಿದದ್ದು. ಕೆಲವು ನುಡಿಗಳನ್ನು ನೇಮದ ಕಳದಲ್ಲಿ ಬಿಟ್ಟು ಬೇರೆ ಕಡೆ ಹೇಳಬಾರದೆಂಬ ಕಟ್ಟು ಅವರಲ್ಲಿದೆ. ಅದನ್ನು ಮುರಿಯಲು ಒತ್ತಾಯಿಸುವ ಹಕ್ಕು ಯಾವ ವಿದ್ವಾಂಸನಿಗೂ ಇಲ್ಲ. ದಾಖಲಿಸಿದರೂ ಹೊರಗೆ ತೆರೆಯದೆ ಇಡುವ ಕಪಾಟು ಭಂಡಾರದಲ್ಲಿರಬೇಕು, ಬೀಗದ ಕೈ ಆ ಮನೆತನದ ಬಳಿ ಇರಬೇಕು. ಸಂಭಾವನೆಯ ವಿಷಯದಲ್ಲೂ ಸಂಕೋಚ ಬೇಡ. ಒಂದು ದಿನದ ಕೂಲಿ ಬಿಟ್ಟು ನಮ್ಮೆದುರು ಕುಳಿತು ಹಾಡುವವರಿಗೆ ವೀಳ್ಯ, ಶಾಲು ಕೊಟ್ಟು ಕಳಿಸುವುದು ಮರ್ಯಾದೆಯಲ್ಲ.

ಕೆಲಸ ಎಲ್ಲಿಂದ ಶುರು ಮಾಡೋಣ? ಮೂರೂ ತಾಲೂಕುಗಳಲ್ಲಿ ಪದವಿ ಕಾಲೇಜುಗಳಿವೆ, ಕನ್ನಡ ವಿಭಾಗಗಳಿವೆ, ಗ್ರಾಮ ಪಂಚಾಯತಿ ಗ್ರಂಥಾಲಯಗಳಿವೆ. ಬೇಸಗೆಯ ಕೊನೆಗೆ ಬರುವ ಪತ್ತನಾಜೆಯ ತನಕ ನೇಮ, ಕೋಲಗಳ ಕಾಲ. ಆಗ ಹಾಡುವವರಿಗೂ ಕಟ್ಟುವವರಿಗೂ ನಿದ್ದೆಯೇ ಇರುವುದಿಲ್ಲ, ನಾವು ಅಡ್ಡ ಹೋಗಬಾರದು. ಮಳೆಗಾಲದ ಆಟಿ ತಿಂಗಳಲ್ಲಿ ಅವರಿಗೆ ಬಿಡುವು ಇರುತ್ತದೆ. ಪ್ರತಿ ಕಾಲೇಜಿನಿಂದ ಇಬ್ಬರು ವಿದ್ಯಾರ್ಥಿಗಳು, ಅದರಲ್ಲೂ ತುಳು, ಅರೆಭಾಷೆ ಮನೆಮಾತಿನವರು, ತಮ್ಮ ಊರಿನಲ್ಲಿ ಪಾಡ್ದನ ಬಲ್ಲವರು ಯಾರೆಂದು ಪಟ್ಟಿ ಮಾಡಲಿ. ಮೊದಲ ಭೇಟಿಯಲ್ಲಿ ಯಂತ್ರ ತೆಗೆಯದೆ ಮಾತಾಡಿ ಬರಲಿ. ಎರಡನೆಯ ಭೇಟಿಯಲ್ಲಿ, ಅವರು ಒಪ್ಪಿದರೆ, ಹಿಡಿಯಲಿ. ಹಿಡಿದದ್ದರ ಒಂದು ಪ್ರತಿಯನ್ನು ಪೆನ್‌ಡ್ರೈವಿನಲ್ಲಿ ಅದೇ ವಾರ ಆ ಮನೆಗೆ ತಲುಪಿಸಲಿ. ಮನೆಮನೆಯ ಅಟ್ಟದಲ್ಲಿರುವ ಕ್ಯಾಸೆಟ್‌ಗಳನ್ನೂ ಕೇಳಿ ತರಲಿ, ಇಳಿಸಿಕೊಂಡು ಹಿಂತಿರುಗಿಸಲಿ. ಈ ದತ್ತಿಯ ಬಡ್ಡಿಯಲ್ಲಿ ನನಗೆ ಕೊಡುವ ಗೌರವಧನವನ್ನು ಒಂದು ಒಳ್ಳೆಯ ರೆಕಾರ್ಡರಿಗೆ, ಎರಡು ಮೈಕುಗಳಿಗೆ ಸೇರಿಸಿಕೊಳ್ಳಿ ಎಂದು ಸಂಘಟಕರಲ್ಲಿ ಕೇಳಿಕೊಂಡಿದ್ದೇನೆ. ಅವು ಈ ಉಪನ್ಯಾಸ ನಡೆಯುತ್ತಿರುವ ಕಾಲೇಜಿನ ಗ್ರಂಥಾಲಯದಲ್ಲಿರುತ್ತವೆ; ಸುಳ್ಯ, ಕಡಬದವರೂ ಪಡೆದುಕೊಂಡು ಹೋಗಬಹುದು. ಪಡುಮಲೆ, ಪಂಜ, ಎಣ್ಮೂರು ಕಡೆಯಿಂದ ಬಂದಿರುವ ವಿದ್ಯಾರ್ಥಿಗಳು ಕಾರ್ಯಕ್ರಮ ಮುಗಿದ ಮೇಲೆ ಹತ್ತು ನಿಮಿಷ ಇಲ್ಲಿಯೇ ಉಳಿಯಿರಿ, ಯಾರ ಮನೆಗೆ ಮೊದಲು ಹೋಗುವುದೆಂದು ಮಾತಾಡೋಣ.